ಎರಡನೇ ನಿಮಿಷದ ಮೌನ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಪರದೆ ಅಂಗಡಿಯ ಶಟರ್ ಅರ್ಧ ಇಳಿಯಿತು ಎಂದರೆ ಒಳಗೆ ವ್ಯಾಪಾರ ಮುಗಿದು ವಾದ ಶುರುವಾಗಿದೆ ಎಂದೇ ಲೆಕ್ಕ. ಹನ್ನೆರಡು ವರ್ಷದಿಂದ ಹೀಗೇ. ಮೂರು ಗೋಡೆಗೂ ಬಟ್ಟೆಯ ಸುರುಳಿಗಳು, ಮೇಲಿಂದ ಇಳಿಬಿಟ್ಟ ಮಾದರಿ ಪರದೆಗಳು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಇಷ್ಟೊಂದು ಬಟ್ಟೆ ತುಂಬಿದ ಕೋಣೆಯಲ್ಲಿ ಪ್ರತಿಧ್ವನಿ ಹುಟ್ಟುವುದೇ ಇಲ್ಲ. ಸದ್ದು ಸ್ಪೀಕರಿನಿಂದ ಹೊರಟು ನೆಟ್ಟಗೆ ಕಿವಿಗೇ ಬಂದು ಕೂರುತ್ತದೆ. ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆ ಹುಚ್ಚು ಉಳಿದವರಿಗೆ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.

ಮೊದಲಿನಿಂದ ಇರುವ ಹುಚ್ಚರು ಮೂವರು. ಒಬ್ಬ ಅಂಗಡಿಯ ಯಜಮಾನ ಪರದೆಯಣ್ಣ. ಹಾಡು ಕೇಳುವಾಗಲೂ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಇರುತ್ತಾನೆ, ಆದರೆ ಕತ್ತರಿಸುವುದಿಲ್ಲ. ಇನ್ನೊಬ್ಬರು ಎದುರು ಸಾಲಿನಲ್ಲಿ ಔಷಧಿ ಅಂಗಡಿ ಇಟ್ಟಿರುವ ಮಾತ್ರೆಯವರು. ಏನು ಕೇಳಿದರೂ ಅವರಿಗೆ ಅದರ ಇಸವಿ ಹೇಳಲೇಬೇಕು, ಹೇಳದಿದ್ದರೆ ಹೊಟ್ಟೆಯುಬ್ಬರ. ಮೂರನೆಯವಳು ಕಿವಿಯಕ್ಕ. ಹಲ್ಲಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷದಿಂದ ಕಟ್ಟುಹಲ್ಲು ಮಾಡುವವಳು. ಬಾಯಿಯ ಅಚ್ಚು ನೋಡಿ ಆ ಮನುಷ್ಯ ರಾತ್ರಿ ಹಲ್ಲು ಕಡಿಯುತ್ತಾನೋ ಇಲ್ಲವೋ ಹೇಳಬಲ್ಲಳು. ಹಾಗೆಯೇ ಒಂದು ಡ್ರಮ್ ಮೆಷಿನ್ ನಾಲ್ಕು ಪೆಟ್ಟು ಹೊಡೆಯುವಷ್ಟರಲ್ಲಿ ಅದು ಯಾವ ಕಾಲದ ಯಾವ ಪೆಟ್ಟಿಗೆ ಎಂದು ಹೇಳಬಲ್ಲಳು. ಒಮ್ಮೆ ಮಾತ್ರೆಯವರು ತಂದ ಕ್ಯಾಸೆಟ್ಟನ್ನು ಬಾಗಿಲ ಹೊರಗಿನಿಂದಲೇ ಕೇಳಿ, "ಇದು ಪ್ರತಿಯ ಪ್ರತಿ, ಎಲ್ಲಿಂದ ತಂದ್ರಿ ಈ ಕಸಾನ?" ಅಂದಿದ್ದಳು. ಅವತ್ತಿನಿಂದ ಆ ಹೆಸರು ಅಂಟಿಕೊಂಡಿತು.

ಈ ಕೂಟಕ್ಕೊಂದು ನಿಯಮವಿದೆ. ಯಾರೇ ಏನೇ ತಂದರೂ ಎಲ್ಲರ ಮಾತು ಮುಗಿಯುವವರೆಗೆ ಮಾಡಿದವರ ಹೆಸರು ಹೇಳುವಂತಿಲ್ಲ, ಇಸವಿ ಹೇಳುವಂತಿಲ್ಲ. ಎಲ್ಲರೂ ಸುಮ್ಮನೆ ಕೇಳಬೇಕು. ಆಮೇಲೆ ಒಬ್ಬೊಬ್ಬರೂ ಮೂರು ಮಾತು ಹೇಳಬೇಕು: ನನಗೆ ಏನು ಕೇಳಿಸಿತು; ಇದು ಯಾವ ಕಾಲದ್ದಿರಬಹುದು; ಇದನ್ನು ಮೆಚ್ಚಿದವರು ಇನ್ನು ಯಾವುದನ್ನು ಕೇಳಬೇಕು, ಇದಕ್ಕಿಂತ ಹಿಂದಿನದೊಂದು, ಇದಕ್ಕಿಂತ ಮುಂದಿನದೊಂದು. "ಹಿಂದೊಂದು ಮುಂದೊಂದು" ಎಂದೇ ಆ ಮೂರನೆಯ ಮಾತಿಗೆ ಹೆಸರು. ಟೇಪು ಕತ್ತರಿಸಿ ಅಂಟಿಸುತ್ತಿದ್ದ ಕಾಲದಿಂದ ಹಿಡಿದು ಮೊಬೈಲಿನಲ್ಲೇ ಪೂರ್ತಿ ಹಾಡು ಕಟ್ಟುವ ಈ ಕಾಲದವರೆಗೆ ಅವರು ಹೀಗೆ ಹಿಂದೊಂದು ಮುಂದೊಂದು ಹೆಜ್ಜೆ ಹಾಕಿಕೊಂಡೇ ಬಂದಿದ್ದಾರೆ.

ಇಷ್ಟೇ ಆಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಯಾರೂ ಬರೆಯದ ಇನ್ನೊಂದು ನಿಯಮ ಅದು ಹೇಗೋ ಬೆಳೆದುಬಿಟ್ಟಿತ್ತು: ಮೊದಲ ಮಾತು ಕಿವಿಯಕ್ಕನದು. ಅವಳು ಹೇಳಿದ ಮೇಲೆ ಉಳಿದಿಬ್ಬರು ಹೇಳುವುದು. ಹೇಳುವುದು ಅಂದರೇನು, ಹೂಂಗುಟ್ಟುವುದು. ಎಡವಟ್ಟಾದದ್ದೇ ಇಲ್ಲಿ.

ಆ ಭಾನುವಾರ ತರುವ ಸರದಿ ಗುಬ್ಬಿಯದು. ಗುಬ್ಬಿ ಕಿವಿಯಕ್ಕನ ಅಕ್ಕನ ಮಗಳು, ಇಪ್ಪತ್ತನಾಲ್ಕರ ಹುಡುಗಿ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಕ್ಕ, ತಂಗಿ, ಈ ಗುಬ್ಬಿ, ಮೂವರೂ ಒಂದೇ ಮನೆಯಲ್ಲಿ ಇರುವುದು. ಎರಡು ವರ್ಷದ ಹಿಂದೆ ಚಿಕ್ಕಮ್ಮನ ಬೆನ್ನು ಹತ್ತಿ ಕೂಟಕ್ಕೆ ಬಂದವಳು ಬಂದೇಬಿಟ್ಟಳು. ಅವಳು ಫೋನನ್ನು ಸ್ಪೀಕರಿಗೆ ಜೋಡಿಸಿ, ಯಾಕೋ ಕೈಕಟ್ಟಿಕೊಂಡು, ಮೇಜಿನ ಆ ತುದಿಗೆ ಹೋಗಿ ನಿಂತಳು. ಅವಳ ಮುಖ ಪರೀಕ್ಷೆಗೆ ಕೂತವರ ಮುಖದಂತಿತ್ತು, ಆದರೆ ಅದನ್ನು ಯಾರು ನೋಡಿದರು?

ಕೆಳಗಿನ ಸ್ವರದಲ್ಲಿ ಧಪ್ ಧಪ್ ಎಂದು ಒಂದು ಪೆಟ್ಟು ಶುರುವಾಯಿತು. ಅದರ ಮೇಲೆ ಮಂದವಾದ ಒಂದು ಅಲೆ ಎದ್ದಿತು. ಚೆನ್ನಾಗಿದೆ, ಅಂದುಕೊಂಡಳು ಕಿವಿಯಕ್ಕ. ಎರಡನೇ ನಿಮಿಷ ಶುರುವಾಗುತ್ತಿದ್ದಂತೆ ಅಲೆ ಸರಿದು ಹೋಯಿತು. ಧಪ್ ಧಪ್ ಮಾತ್ರ ಉಳಿಯಿತು, ಅದೂ ತೀರ ಮೆಲ್ಲಗೆ. ಉಳಿದದ್ದೆಲ್ಲ ಖಾಲಿ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಏನೂ ಇಲ್ಲ. ಅವಳು ಕಣ್ಣೆತ್ತಿ ನೋಡಿದರೆ ಮಾತ್ರೆಯವರ ಕಣ್ಣಲ್ಲಿ ನೀರು ತುಂಬಿದೆ! ಪರದೆಯಣ್ಣನ ಕತ್ತರಿ ಬಾಯಿ ತೆರೆದು ನಿಂತಿದೆ. ಬರೀ ಖಾಲಿತನಕ್ಕೆ ಮನುಷ್ಯರು ಹೀಗೆ ಕರಗುತ್ತಾರೆಂದರೆ ಇದನ್ನು ಮಾಡಿದವನು ಸಾಮಾನ್ಯನಲ್ಲ, ಅಂದುಕೊಂಡಳು. ಐವತ್ತು ಸೆಕೆಂಡಾದ ಮೇಲೆ ಅಲೆ ಮರಳಿ ಬಂತು, ಸ್ವಲ್ಪ ಹೊತ್ತಿಗೆ ಮುಗಿಯಿತು.

ಎಲ್ಲರೂ ಅವಳ ಕಡೆ ತಿರುಗಿದರು.

"ಏನು ಕೇಳಿಸ್ತು ಅಂದ್ರೆ," ಎಂದಳು ಕಿವಿಯಕ್ಕ, ಗಂಟಲು ಸರಿಮಾಡಿಕೊಂಡು, "ನಂಗೆ ಕೇಳಿಸಿದ್ದು ಮೌನ. ಆ ಎರಡನೇ ನಿಮಿಷದ ಮೌನ ಇದೆಯಲ್ಲ, ಅದೇ ಇದರ ಜೀವ. ಐವತ್ತು ಸೆಕೆಂಡು ಏನೂ ಹಾಕದೆ ಬಿಡೋಕೆ ಗುಂಡಿಗೆ ಬೇಕು."

ಮಾತ್ರೆಯವರು ಪಿಳಿಪಿಳಿ ಕಣ್ಣು ಬಿಟ್ಟರು. "ಮೌನಾನಾ?" ಅಂದರು. ಕಿವಿಯಕ್ಕ ಅವರನ್ನೇ ನೋಡಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಂ... ಹೌದು. ಮೌನ. ಹಾಗೂ ಕರೀಬಹುದು ಅದನ್ನ."

"ಇದ್ದೂ ಇಲ್ಲದ ಹಾಗೆ ಇತ್ತು ನೋಡಿ," ಎಂದು ಪರದೆಯಣ್ಣ ತಾಳ ಹಾಕಿದ.

"ಇದ್ದೂ ಇಲ್ಲದ ಹಾಗೆ ಏನು ಬಂತು? ಇರಲೇ ಇಲ್ಲ!"

"ಅದೇ ನಾನೂ ಹೇಳಿದ್ದು. ಇರಲೇ ಇಲ್ಲ."

ಈ ಇಬ್ಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಬ್ಬರೂ ಒಳ್ಳೆಯವರೇ, ಕಿವುಡರಂತೂ ಅಲ್ಲ. ಆದರೆ ಹನ್ನೆರಡು ವರ್ಷ ಒಬ್ಬರ ಕಿವಿಯ ಮೇಲೆ ಭಾರ ಹಾಕಿ ಕೂತವರಿಗೆ ತಮ್ಮ ಕಿವಿ ತಲೆಯ ಎರಡು ಪಕ್ಕ ಇರುವ ಅಲಂಕಾರವಾಗಿಬಿಡುತ್ತದೆ. ಕಿವಿಯಕ್ಕ ಮೌನ ಅಂದಮೇಲೆ ತಾವು ಕೇಳಿದ ಸದ್ದು ಏನೋ ದೊಡ್ಡ ಅರ್ಥದ ಮೌನವೇ ಇರಬೇಕು, ಅದು ತಿಳಿಯದ ಮೊದ್ದರು ನಾವೇ ಎಂದು ಇಬ್ಬರೂ ಒಳಗೊಳಗೇ ಒಪ್ಪಿಕೊಂಡರು. ಹೊರಗೆ ತಲೆಯಾಡಿಸಿದರು.

ಕಿವಿಯಕ್ಕ ಹುರುಪಿನಿಂದ ಮುಂದುವರಿಸಿದಳು. ಇದು ಕಳೆದ ಐದಾರು ವರ್ಷದ್ದು. ಹಿಂದಿನದೊಂದು ಬೇಕಾದರೆ, ಸ್ಟುಡಿಯೋದಲ್ಲಿ ಖಾಲಿ ಟೇಪಿನ ತುಂಡುಗಳನ್ನು ಬೇಕೆಂದೇ ನಡುನಡುವೆ ಅಂಟಿಸುತ್ತಿದ್ದವರ ಕಾಲದ ಒಂದು ರಚನೆ ತನ್ನಲ್ಲಿದೆ, ತರುತ್ತೇನೆ. ಮುಂದಿನದು ಇನ್ನೂ ಹುಟ್ಟಿಲ್ಲ. "ಇದನ್ನ ಮಾಡಿದವರು ನನ್ನ ಕೈಗೆ ಸಿಕ್ಕಿದ್ರೆ ಒಂದೇ ಮಾತು ಹೇಳ್ತಿದ್ದೆ. ಮೌನ ಬಿಟ್ಟು ಉಳಿದದ್ದೆಲ್ಲ ಅಂಜುಬುರುಕ. ಬೇರೆಯವರದ್ದು ಕೇಳಿ ಕೇಳಿ ಮಾಡಿದ ಹಾಗಿದೆ."

ನಿಯಮದ ಪ್ರಕಾರ ಕೊನೆಗೆ ಗುಬ್ಬಿ ಮಾಡಿದವರ ಹೆಸರು ಹೇಳಬೇಕಿತ್ತು. ಅವಳು ಫೋನಿನ ವೈರು ಸುತ್ತುತ್ತ, "ಹೆಸರು ಗೊತ್ತಿಲ್ಲ. ಎಲ್ಲೋ ಸಿಕ್ತು," ಅಂದುಬಿಟ್ಟಳು.

ಅವತ್ತು ಸಂಜೆ ಮನೆಯಲ್ಲಿ ಗುಬ್ಬಿ ತಟ್ಟೆಯ ಮುಂದೆ ಕೂತು ಬ್ರೆಡ್ಡಿನ ಅಂಚು ಕಿತ್ತು ಕಿತ್ತು ಇಡುತ್ತಿದ್ದಳು. ಅವಳ ಅಮ್ಮ, ಅಂದರೆ ಕಿವಿಯಕ್ಕನ ಅಕ್ಕ, ಟಿವಿಯ ಧ್ವನಿ ಕಡಿಮೆ ಮಾಡಿ, "ಏನೇ ಆಯ್ತು ಇವಳಿಗೆ? ಆ ಮಿಕ್ಸಿ ಕೆಟ್ಟ ಸದ್ದು ಕೇಳೋಕೆ ಹೋದವಳು ಮುಖ ಊದಿಸ್ಕೊಂಡು ಬಂದಿದಾಳೆ," ಅಂದಳು. ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಅವಳ ಅಭಿಪ್ರಾಯ ಮೂವತ್ತು ವರ್ಷದಿಂದ ಇದೊಂದೇ.

"ಅದು ನಂದು," ಅಂದಳು ಗುಬ್ಬಿ.

"ಯಾವುದು?"

"ಇವತ್ತು ಕೇಳಿದ್ದು. ನಾನೇ ಮಾಡಿದ್ದು, ಚಿಕ್ಕಿ. ಹೆಸರು ಹೇಳಿದ್ರೆ ನೀವೆಲ್ಲ ಸುಮ್ಮನೆ ಹೊಗಳ್ತೀರಿ ಅಂತ ಹೇಳಲಿಲ್ಲ."

ಕಿವಿಯಕ್ಕನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅಂಜುಬುರುಕ ಎಂದದ್ದು ನೆನಪಾಗಿ ಮುಖ ಹುಳ್ಳಗಾಯಿತು. ಆದರೂ ಸಾವರಿಸಿಕೊಂಡು, "ಹೊಗಳಿದೆನಲ್ಲೇ! ಆ ಮೌನ ಎಷ್ಟು ಚೆನ್ನಾಗಿದೆ ಅಂತ ಹೇಳಿದೆನಲ್ಲ," ಅಂದಳು.

"ಅದನ್ನೇ ಹೇಳ್ತಿರೋದು. ಆ ಐವತ್ತು ಸೆಕೆಂಡಿಗೆ ಎಂಟು ತಿಂಗಳು ಕೂತಿದೀನಿ ನಾನು."

"ಮೌನಕ್ಕೆ ಎಂಟು ತಿಂಗಳಾ?" ಕಿವಿಯಕ್ಕ ನಿಜವಾಗಿಯೂ ತಿಳಿಯದೆ ಕೇಳಿದ್ದು. ಗುಬ್ಬಿ ಮಾತ್ರ ಕೆನ್ನೆಗೆ ಏಟು ಬಿದ್ದವಳಂತೆ ಅವಳನ್ನು ನೋಡಿದಳು.

"ಸರಿ ಬಿಡು. ನೀನು ಹೇಳಿದ ಹಾಗೇ ಆಗ್ಲಿ. ರೇಡಿಯೋಗೆ ಕಳಿಸೋಕೆ ಮುಂದಿನ ಭಾನುವಾರ ಸಂಜೆ ಆರಕ್ಕೆ ಕೊನೆ. ಆ ಐವತ್ತು ಸೆಕೆಂಡಿನ ಜಾಗದಲ್ಲಿ ಮೌನಾನೇ ಇಟ್ಟು ಕಳಿಸ್ತೀನಿ."

"ಇದೆಯಲ್ಲ, ಇನ್ನೇನು ಇಡ್ತೀಯ?"

ಗುಬ್ಬಿ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಹೊಸಬರ ರಚನೆಗಳಿಗೆಂದೇ ವಾರಕ್ಕೊಂದು ಗಂಟೆ ಬಿಡುವ ಸಣ್ಣ ರೇಡಿಯೋ ಅದು. ಅಲ್ಲಿ ತನ್ನದೊಂದು ಬರಬೇಕು ಎಂದು ಗುಬ್ಬಿ ಎರಡು ವರ್ಷದಿಂದ ಆಸೆ ಇಟ್ಟುಕೊಂಡಿದ್ದಳು. ಕಿವಿಯಕ್ಕ ಕಕ್ಕಾಬಿಕ್ಕಿಯಾಗಿ ಅಡುಗೆಮನೆ ಬಾಗಿಲನ್ನೇ ನೋಡುತ್ತ ಕೂತಳು. ಮೆಚ್ಚಿದ್ದಕ್ಕೂ ಕೋಪ ಮಾಡಿಕೊಂಡರೆ ಏನು ಮಾಡುವುದು? ಈಗಿನ ಮಕ್ಕಳ ಮೌನವೂ ಬೇರೆ, ಮಾತೂ ಬೇರೆ, ಅಂದುಕೊಂಡಳು. ಆದರೆ ಮನಸ್ಸಿನ ಮೂಲೆಯಲ್ಲಿ ಮಾತ್ರೆಯವರ ಒದ್ದೆ ಕಣ್ಣು ಮುಳ್ಳಿನಂತೆ ಉಳಿದುಕೊಂಡಿತು. ಮೌನವೇ ಆಗಿದ್ದರೆ ಆ ಮನುಷ್ಯ "ಮೌನಾನಾ?" ಎಂದು ಯಾಕೆ ಕೇಳಿದರು?

ಸೋಮವಾರ ಕೆಲಸದಿಂದ ಬಂದವಳು ಖಾಲಿ ಟೇಪಿನ ಕಾಲದ ಆ ಹಳೆಯ ರೆಕಾರ್ಡು ಹುಡುಕಲು ಕೂತಳು. ಅದನ್ನು ಹುಡುಕುವಾಗ ಕೈಗೆ ಸಿಕ್ಕಿದ್ದು ಅವಳ ಇಪ್ಪತ್ತನೇ ವಯಸ್ಸಿನ ಅಚ್ಚುಮೆಚ್ಚಿನ ಇನ್ನೊಂದು ರೆಕಾರ್ಡು. ಅದನ್ನು ಕೇಳಿ ವರ್ಷಗಳೇ ಆಗಿದ್ದವು; ಯಾಕೆ ಕೇಳಬೇಕು, ಅದು ಅವಳಿಗೆ ಬಾಯಿಪಾಠ. ಸುಮ್ಮನೆ ಹಾಕಿದಳು. ಕೆಳಗಿನ ಸ್ವರ ಸರಿಯಾಗಿತ್ತು. ಆದರೆ ಪೆಟ್ಟುಗಳ ಮೇಲೆ ಸಣ್ಣಗೆ ಚಿಕ್‌ಚಿಕ್ ಎಂದು ಉದುರುತ್ತಿದ್ದ ಲೋಹದ ತಾಳ ಎಲ್ಲಿ? ಸೂಜಿ ಸವೆದಿದೆ ಅಂದುಕೊಂಡು ಹೊಸ ಸೂಜಿ ಹಾಕಿದಳು. ಇಲ್ಲ. ಮಂಗಳವಾರ ಅದೇ ಹಾಡಿನ ಸಿಡಿ ಹಾಕಿದಳು, ಮಾತ್ರೆಯವರೇ ಕೊಟ್ಟಿದ್ದು. ಅಲ್ಲೂ ಇಲ್ಲ. ಅವರಿಗೇ ಫೋನು ಮಾಡಿದಳು.

"ನೀವು ಕೊಟ್ಟ ಪ್ರತಿಯಲ್ಲಿ ಮೇಲಿನ ಚಿಕ್‌ಚಿಕ್ ಇಲ್ವಲ್ಲ ಸ್ವಾಮಿ?"

ಅತ್ತ ಕಡೆ ಮಾತ್ರೆಯವರು ಒಂದು ಗಳಿಗೆ ತಡವರಿಸಿದರು. "ಇಲ್ವಾ? ಹಾಂ, ಹೌದಕ್ಕ, ಇಲ್ಲ. ಈಗಿನವರು ಹಳೇದನ್ನೆಲ್ಲ ತೊಳೆದು ಮಾರ್ತಾರೆ. ತೊಂಬತ್ತೆಂಟರಿಂದ ಶುರುವಾಯ್ತು ಈ ರೋಗ."

ಅವರು ಒಪ್ಪಿಕೊಂಡದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಿಡಿಯನ್ನು ತೊಳೆದಿದ್ದರು ಸರಿ, ಆದರೆ ಅವಳ ಕಪಾಟಿನೊಳಗೇ ಇದ್ದ ರೆಕಾರ್ಡನ್ನು ಯಾರು ಬಂದು ತೊಳೆದರು?

ಬುಧವಾರ ಲ್ಯಾಬಿನಲ್ಲಿ ಅದು ಬಯಲಾಯಿತು. ಕಿವಿಯಕ್ಕ ಒಂದು ಮೇಲ್ದವಡೆಯ ಸೆಟ್ಟನ್ನು ಕೈಮೋಟಾರಿನಲ್ಲಿ ಉಜ್ಜಿ ನಯ ಮಾಡುತ್ತಿದ್ದಳು. ಪಕ್ಕದ ಮೇಜಿನಲ್ಲಿ ಮೇಣದ ಹಲ್ಲುಗಳನ್ನು ಸಾಲು ಕೂರಿಸುವವಳು ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದಳು.

"ಏನಮ್ಮ ಅದು, ಕಿವಿ ನೋವಾ?"

"ನೋವಲ್ಲ, ನಿಮ್ಮ ಮೋಟಾರು! ಒಳಗಿನ ಬೇರಿಂಗು ಹೋಗಿದೆ ಅನ್ಸುತ್ತೆ. ಮೂರು ವಾರದಿಂದ ಶಿಳ್ಳೆ ಹೊಡೀತಾನೇ ಇದೆ. ನೀವು ಹೇಗೆ ತಡ್ಕೊಂಡಿದೀರೋ ದೇವರಿಗೇ ಗೊತ್ತು. ನಾನು ಹೇಳೋದು ಬೇಡ, ದೊಡ್ಡವರು ಅಂತ ಸುಮ್ಮನಿದ್ದೆ."

"ಶಿಳ್ಳೆನಾ?"

ಕಿವಿಯಕ್ಕ ಮೋಟಾರು ನಿಲ್ಲಿಸಿದಳು. ಮೇಣದವಳ ಹುಬ್ಬು ಸಡಿಲವಾಯಿತು. ಮತ್ತೆ ಹಾಕಿದಳು. ಹುಬ್ಬು ಗಂಟಿಕ್ಕಿತು. ನಿಲ್ಲಿಸಿದಳು, ಹಾಕಿದಳು, ನಿಲ್ಲಿಸಿದಳು, ಹಾಕಿದಳು. ಅವಳಿಗೆ ಕೇಳುತ್ತಿದ್ದುದು ಗುರ್ ಎನ್ನುವ ಅದೇ ಹಳೆಯ ಸದ್ದು. ಶಿಳ್ಳೆ ಇದ್ದದ್ದು ಪಕ್ಕದವಳ ಮುಖದಲ್ಲಿ ಮಾತ್ರ. ಎರಡನೇ ನಿಮಿಷದಲ್ಲಿ ಮೌನ ಇರಲಿಲ್ಲ. ಅಲ್ಲಿ ಏನೋ ಇತ್ತು. ಗುಬ್ಬಿ ಎಂಟು ತಿಂಗಳು ಕೂತು ಅಲ್ಲಿ ಏನೋ ಇಟ್ಟಿದ್ದಳು.

ಗುಬ್ಬಿಯ ಅಂಗಡಿಯಲ್ಲೇ ಕಿವಿಯ ಪರೀಕ್ಷೆಯೂ ಆಗುತ್ತದೆ. ಅಲ್ಲಿಗೆ ಹೋಗುವ ಧೈರ್ಯವಾಗದೆ, ಗುರುವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಮೂರು ಬೀದಿ ಆಚೆಗಿನ ಇನ್ನೊಂದು ಅಂಗಡಿಗೆ ಕಳ್ಳಿಯಂತೆ ಹೋದಳು. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗೆಲ್ಲ ಒತ್ತಬೇಕು. ಮೊದಮೊದಲು ಚೆನ್ನಾಗಿ ಒತ್ತಿದಳು. ಎಷ್ಟು ಸಣ್ಣ ಸದ್ದಿಗೂ ಒತ್ತಿದಳು, ಪರೀಕ್ಷೆ ಮಾಡುತ್ತಿದ್ದ ಸಲಹೆಗಾರ್ತಿಯೇ ಮೆಚ್ಚಿ ತಲೆಯಾಡಿಸಿದ್ದು ಗಾಜಿನಾಚೆ ಕಂಡಿತು. ಆಮೇಲೆ ಮೆಷಿನ್ ಸುಮ್ಮನಾಯಿತು. ಕಿವಿಯಕ್ಕ ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತ ಕೂತಳು. ಬಾಗಿಲು ತೆರೆಯಿತು.

"ಮುಗೀತು, ಬನ್ನಿ."

"ಈ ಕಡೆ ಕಿವಿಗೆ ಮೇಲಿನ ಸ್ವರದ ಸದ್ದುಗಳು ಇನ್ನೂ ಶುರುವಾಗಿಲ್ವಲ್ಲಮ್ಮ?"

ಸಲಹೆಗಾರ್ತಿ ಕಾಗದ ತೋರಿಸಿದಳು. ಗೆರೆ ಒಂದಷ್ಟು ದೂರ ನೆಟ್ಟಗೆ ಬಂದು, ಆಮೇಲೆ ಮಹಡಿಯಿಂದ ಬಿದ್ದವರ ಹಾಗೆ ಕೆಳಗಿಳಿದಿತ್ತು. ಎರಡು ಕಿವಿಗೂ ಹಾಗೇ. "ಮೆಷಿನ್ ಕೆಲಸ ಮಾಡೋರಿಗೆ ಹೀಗಾಗುತ್ತೆ. ತೀರ ಕೀರಲು ಸದ್ದು ಮಾತ್ರ ಹೋಗುತ್ತೆ, ಮಾತು ಪೂರ್ತಿ ಕೇಳುತ್ತೆ, ಅದಕ್ಕೇ ಗೊತ್ತಾಗಲ್ಲ. ಕಡಿಮೆ ಅಂದ್ರೂ ಏಳೆಂಟು ವರ್ಷದಿಂದ ಆಗಿರ್ಬೇಕು."

ಏಳೆಂಟು ವರ್ಷ! ಕಿವಿಯಕ್ಕ ಬೀದಿಗೆ ಬಂದು, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಳು. ಏಳೆಂಟು ವರ್ಷದಿಂದ ಪ್ರತಿ ಭಾನುವಾರ ಮೊದಲ ಮಾತು ಆಡಿದ್ದು ಯಾರು? ಯಾರದ್ದೋ ರಚನೆಯನ್ನು ಬರಡು ಎಂದಳು, ಇನ್ನಾರದ್ದನ್ನೋ ಆಳ ಎಂದಳು; ಅದರಲ್ಲಿ ಎಷ್ಟು ಸಂಗೀತದ ಗುಣ, ಎಷ್ಟು ತನ್ನ ಕಿವಿಯ ತೂತು? ಯಾವುದನ್ನೂ ಬಿಡಿಸಿ ನೋಡಲು ಆಗಲಿಲ್ಲ. ಇಬ್ಬರು ಗಂಡಸರು ಪ್ರತಿ ಸಲ ಹೌದು ಎಂದರಲ್ಲ, ಅವರಿಗೂ ಕೇಳಿಸಿರಲಿಲ್ಲವೋ, ಕೇಳಿಸಿಯೂ ಹೌದು ಎಂದರೋ?

ಮಾಡಬೇಕಾದ್ದು ಮಾತ್ರ ಸ್ಪಷ್ಟವಿತ್ತು. ಮನೆಗೆ ಹೋಗಿ, "ಗುಬ್ಬಿ, ಅದನ್ನ ತೆಗೀಬೇಡ, ನಂಗೆ ಕೇಳಿಸಿಲ್ಲ ಕಣೇ," ಅಂದರೆ ಮುಗಿಯಿತು. ಎಂಟು ತಿಂಗಳ ಕೆಲಸ ಉಳಿಯುತ್ತಿತ್ತು. ಗುರುವಾರ ಸಂಜೆ ಹೇಳಲು ಬಾಯಿ ತೆರೆದಳು, ಗುಬ್ಬಿ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ಶುಕ್ರವಾರ ಅವಳ ಅಮ್ಮ ಎದುರಿಗಿದ್ದಳು. ಶನಿವಾರ ಯಾವ ನೆಪವೂ ಇರಲಿಲ್ಲ, ಆದರೂ ಹೇಳಲಿಲ್ಲ. ಹೆದರಿಕೆ, ಮತ್ತೇನಲ್ಲ. ಮನೆಯಲ್ಲಿ ಅವಳು ತಂಗಿ, ಲ್ಯಾಬಿನಲ್ಲಿ ಹಲ್ಲಿನವಳು. ಪ್ರಪಂಚದಲ್ಲಿ ಅವಳ ಮಾತಿಗೆ ನಾಲ್ಕು ಜನ ಕಾಯುವ ಜಾಗ ಅಂತ ಇದ್ದದ್ದು ಆ ಪರದೆ ಅಂಗಡಿ ಒಂದೇ. ಕಿವಿ ಹೋದರೆ ಕಿವಿಯಕ್ಕನಲ್ಲಿ ಉಳಿಯುವುದು ಬರೀ ಅಕ್ಕ, ಎಂದು ತನಗೆ ತಾನೇ ಹೇಳಿಕೊಂಡು ನಗಲು ನೋಡಿದಳು. ನಗು ಬರಲಿಲ್ಲ.

ಭಾನುವಾರ ಮೂರಕ್ಕೆ ಶಟರ್ ಅರ್ಧ ಇಳಿಯಿತು. ಗುಬ್ಬಿ ಸರದಿ ಮುರಿದು ತಾನೇ ಮುಂದೆ ಬಂದಳು. "ಹೋದ ವಾರದ್ದು ನಂದೇ. ಚಿಕ್ಕಿ ಹೇಳಿದ ಹಾಗೆ ತಿದ್ದಿದೀನಿ. ಇನ್ನೊಂದ್ಸಲ ಕೇಳಿ. ಸರಿ ಇದ್ರೆ ಆರು ಗಂಟೆಯೊಳಗೆ ಕಳಿಸ್ತೀನಿ," ಅಂದಳು. ಗಂಡಸರಿಬ್ಬರೂ ಬೆರಗಾಗಿ ಅವಳ ಬೆನ್ನು ತಟ್ಟಿದರು. ಹಾಡು ಶುರುವಾಯಿತು. ಧಪ್ ಧಪ್, ಅಲೆ, ಎರಡನೇ ನಿಮಿಷ, ಖಾಲಿ, ಮತ್ತೆ ಅಲೆ. ಕಿವಿಯಕ್ಕನಿಗೆ ಹೋದ ವಾರಕ್ಕೂ ಈ ವಾರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ಸಲ ಅವಳು ನೋಡುತ್ತಿದ್ದದ್ದು ಮಾತ್ರೆಯವರ ಕಣ್ಣನ್ನು. ಕಣ್ಣು ಒಣಗಿತ್ತು. ಅವರು ಗಡಿಯಾರ ನೋಡಿಕೊಂಡರು.

ಮುಗಿದ ಮೇಲೆ ಎಲ್ಲರೂ ಅವಳ ಕಡೆ ತಿರುಗಿದರು, ಎಂದಿನಂತೆ.

"ನಂಗೆ," ಎಂದಳು ಕಿವಿಯಕ್ಕ, "ಹೋದ ವಾರದ್ದೂ ಇವತ್ತಿಂದೂ ಒಂದೇ ಥರ ಕೇಳಿಸ್ತು."

ಪರದೆಯಣ್ಣ ಮೇಜು ಕುಟ್ಟಿದ. "ಎಂಥಾ ಮಾತು! ನಿಜ, ಎರಡೂ ಒಂದೇ. ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಮೂಲದಲ್ಲಿ ಒಂದೇ," ಎಂದು ಮಾತ್ರೆಯವರು ಗಂಭೀರವಾಗಿ ಸೇರಿಸಿದರು. "ಐವತ್ತರ ದಶಕದಲ್ಲೂ ಇಂಥದ್ದೇ ಒಂದು ವಾದ ಇತ್ತು."

"ಅಯ್ಯೋ, ನಿಮ್ಮ ತಲೆ!" ಕಿವಿಯಕ್ಕ ಎದ್ದು ನಿಂತುಬಿಟ್ಟಳು. "ತತ್ವ ಅಲ್ಲ ರೀ ನಾನು ಹೇಳ್ತಿರೋದು. ನನ್ನ ಕಿವಿ ಹೋಗಿದೆ. ಮೇಲಿನ ಸ್ವರದ ಸದ್ದು ಒಂದೂ ಕೇಳಿಸಲ್ಲ. ಹೋದ ವಾರ ಅಲ್ಲಿ ಏನಿತ್ತೋ ನಂಗೆ ಗೊತ್ತೇ ಇಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರದೆಯಣ್ಣ ನಕ್ಕ. "ನಿಮ್ಮ ಕಿವಿ ಹೋಗೋದಾ? ಸುಮ್ನಿರಿ ಅಕ್ಕ. ದೊಡ್ಡವರು ಯಾವಾಗ್ಲೂ ಹೀಗೇ ಹೇಳೋದು." ಮಾತ್ರೆಯವರೂ ನಕ್ಕರು. ನಿಜ ಹೇಳಿದರೂ ಕಿರೀಟ ತಲೆಯಿಂದ ಇಳಿಯಲೊಲ್ಲದು. ಅವಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಗುಬ್ಬಿ ಮಾತ್ರ ನಗಲಿಲ್ಲ. ದಿನಕ್ಕೆ ಮೂವತ್ತು ಜನ ಕಾಣದ ಅಕ್ಷರವನ್ನು ಕಂಡಂತೆ ಓದಿ ಹೇಳುವುದನ್ನು ನೋಡುವವಳು ಅವಳು. ಫೋನು ಕೈಗೆತ್ತಿಕೊಂಡು, ಏನನ್ನೋ ಹುಡುಕಿ, ಸ್ಪೀಕರಿನ ಧ್ವನಿ ಪೂರ್ತಿ ಏರಿಸಿ, ಚಿಕ್ಕಮ್ಮನ ಮುಖವನ್ನೇ ನೋಡುತ್ತ ಬೆರಳು ಒತ್ತಿದಳು.

ಪರದೆಯಣ್ಣ ಕತ್ತರಿ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡ. ಮಾತ್ರೆಯವರು "ಅಬ್ಬಾ!" ಎಂದು ಕುರ್ಚಿಯಲ್ಲಿ ಹಿಂದೆ ಸರಿದರು. ಕಿವಿಯಕ್ಕ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ಹಾಕಿದ್ಯಾ?" ಎಂದು ಕೇಳಿದಳು.

ಗುಬ್ಬಿ ನಿಲ್ಲಿಸಿದಳು. ಕೋಣೆಯಲ್ಲಿ ಈಗ ಎಲ್ಲರ ಪಾಲಿಗೂ ಒಂದೇ ಮೌನ. ಪರದೆಯಣ್ಣನ ಕೈ ಮೆಲ್ಲಗೆ ಕಿವಿಯಿಂದ ಇಳಿಯಿತು. ಅವನ ನಗು ಎಲ್ಲೋ ಹೋಗಿತ್ತು. ಮೊದಲ ಮಾತಾಡುವವಳು ಸುಮ್ಮನೆ ನಿಂತಿದ್ದಳು, ಅವಳ ಮಾತಿಲ್ಲದೆ ತಾವೇ ಮಾತು ಶುರು ಮಾಡಿ ಉಳಿದವರಿಗೆ ಅಭ್ಯಾಸವೇ ಇರಲಿಲ್ಲ.

"ಹೋದ ವಾರ ನೀವು ಅತ್ತಿರಿ," ಎಂದಳು ಕಿವಿಯಕ್ಕ ಮಾತ್ರೆಯವರಿಗೆ. "ಯಾಕೆ ಅತ್ತಿರಿ ಹೇಳಿ. ನಿಮ್ಮ ಕಾಲು ಹಿಡೀತೀನಿ, ಇಸವಿ ಬೇಡ. ಏನು ಕೇಳಿಸ್ತು ಅಷ್ಟು ಹೇಳಿ."

ಮಾತ್ರೆಯವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಅದು... ಒಂದು ಸಣ್ಣ ಸದ್ದು ಅಕ್ಕ. ಗಾಜಿನ ಲೋಟದ ಅಂಚಿಗೆ ಒದ್ದೆ ಬೆರಳು ಸವರಿದ ಹಾಗೆ. ಮೇಲೆ ಹೋಗುತ್ತೆ. ಹೋಗಿ, ಏನೋ ಮರೆತೋರ ಹಾಗೆ ನಿಂತುಬಿಡುತ್ತೆ. ಆಮೇಲೆ ಕೆಳಗಿಂದ ಇನ್ನೊಂದು ಬರುತ್ತೆ, ಅದನ್ನ ಕರೆಯೋಕೆ. ಅದು ಬರೋ ಹೊತ್ತಿಗೆ ಮೊದಲಿನದು ಇರಲ್ಲ. ನಮ್ಮ ಮನೆಯವಳು ಆಸ್ಪತ್ರೆಯಲ್ಲಿದ್ದಾಗ ನಾನು..." ಅಷ್ಟಕ್ಕೇ ನಿಲ್ಲಿಸಿದರು. "ಹಾಗೆ ಕೇಳಿಸ್ತು ನಂಗೆ. ನೀವು ಮೌನ ಅಂದ್ರಿ. ನಂದೇ ತಪ್ಪು ಅಂದ್ಕೊಂಡೆ."

"ಎರಡಲ್ಲ, ಮೂರಿದೆ," ಅಂದ ಪರದೆಯಣ್ಣ ಥಟ್ಟನೆ. "ಮೊದಲಿನದು ಹೋಗೋದೇ ಇಲ್ಲ, ಸಣ್ಣಗೆ ಇದ್ದೇ ಇರುತ್ತೆ."

"ಎಲ್ಲಿರುತ್ತೆ? ಹೋಗುತ್ತೆ ಅದು!"

"ಇರುತ್ತೆ ರೀ, ನಿಮಗೆ ಕೇಳಿಸಿಲ್ಲ!"

ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಇಬ್ಬರು ತಮ್ಮ ಕಿವಿ ನಂಬಿ ಜಗಳಕ್ಕೆ ನಿಂತರು. ಕಿವಿಯಕ್ಕ ನಡುವೆ ನಿಂತು ಇವರ ಮುಖ ನೋಡಿದಳು, ಅವರ ಮುಖ ನೋಡಿದಳು. ಅದು ಹೋಗುತ್ತದೋ, ಇರುತ್ತದೋ? ಯಾರು ಹೇಳಿದ್ದು ಸರಿ ಎಂದು ತೀರ್ಮಾನಿಸುವ ದಾರಿಯೇ ಅವಳಿಗಿರಲಿಲ್ಲ. ಅವಳ ಮನೆಯಲ್ಲೇ, ಪಕ್ಕದ ಕೋಣೆಯಲ್ಲೇ, ಎಂಟು ತಿಂಗಳು ಹುಟ್ಟಿ ಬೆಳೆದ ಸದ್ದು ಅದು.

ಜಗಳ ಜೋರಾಗಿರುವಾಗಲೇ ಗುಬ್ಬಿ ಶಟರಿನ ಹತ್ತಿರ ಹೋಗಿ ಫೋನಿನಲ್ಲಿ ಏನೋ ಒತ್ತಿ, ಅದನ್ನು ಚೀಲಕ್ಕೆ ಹಾಕಿಕೊಂಡಳು. ಯಾರನ್ನೂ ಕೇಳಲಿಲ್ಲ.

"ಕಳಿಸಿಬಿಟ್ಯಾ?" ಕಿವಿಯಕ್ಕ ಓಡಿ ಬಂದಳು. "ಯಾವುದನ್ನ ಕಳಿಸಿದೆ? ಸದ್ದು ಇರೋದನ್ನೋ, ಇಲ್ಲದ್ದನ್ನೋ?"

"ಇರೋದನ್ನ."

"ನಿಜವಾಗ್ಲೂ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ? ರೇಡಿಯೋದಲ್ಲಿ ಬಂದ್ರೂ ನಂಗೆ ಗೊತ್ತಾಗಲ್ವಲ್ಲೇ ಗುಬ್ಬಿ. ಹೇಗೆ ತಿಳ್ಕೊಳ್ಲಿ ನಾನು?"

ಗುಬ್ಬಿ ಚಿಕ್ಕಮ್ಮನ ಸೆರಗಿಗೆ ಅಂಟಿದ್ದ ಬಟ್ಟೆಯ ದಾರವೊಂದನ್ನು ಕಿತ್ತು ತೆಗೆದಳು.

"ನಂಬಬೇಕು ಚಿಕ್ಕಿ," ಅಂದಳು. "ಇಷ್ಟು ದಿನ ನಾವು ನಿನ್ನ ನಂಬ್ಲಿಲ್ವಾ?"